ಎಳೆಗೂಸಿನ ಗೆರೆ

ಆಸ್ಪತ್ರೆಯಿಂದ ಫೋನು ಬಂದಾಗ ಅವಳು ಮಗುವಿನ ಉಗುರು ಕತ್ತರಿಸುತ್ತಿದ್ದಳು. ಇಪ್ಪತ್ತೆರಡು ದಿನದ ಕೂಸಿನ ಉಗುರೆಂದರೆ ಈರುಳ್ಳಿಯ ಒಳಪೊರೆಗಿಂತ ತೆಳು. ಮನೆಯಲ್ಲಿ ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜಿನ ಅಂಚು ಮಸೆದು ಚೌಕಟ್ಟಿಗೆ ಕೂರಿಸುವುದು ಅವಳ ಕಸುಬು. ಕೂದಲೆಳೆಯಷ್ಟು ಓರೆಯಾದರೂ ಅವಳ ಬೆರಳಿಗೆ ತಿಳಿಯುತ್ತಿತ್ತು.

"ಹುಟ್ಟಿದ ಎರಡನೇ ದಿನ ಹಿಮ್ಮಡಿಯಿಂದ ರಕ್ತ ತೆಗೆದಿದ್ವಲ್ಲ, ಅದರ ರಿಪೋರ್ಟ್ ಬಂದಿದೆ," ಎಂದಿತು ಫೋನಿನ ದನಿ. "ನಾಳೆ ಅಪ್ಪ ಅಮ್ಮ ಇಬ್ರೂ ಬನ್ನಿ."

ಇಬ್ಬರೂ ಎಂಬ ಮಾತಿಗೇ ಅವಳು ಕತ್ತರಿ ಕೆಳಗಿಟ್ಟಳು. ಒಳ್ಳೆಯ ಸುದ್ದಿಗೆ ಯಾರೂ ಇಬ್ಬರನ್ನು ಕರೆಸುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳ ಅಪ್ಪ ಅಮ್ಮನನ್ನೂ ಹೀಗೇ ಕರೆಸಿದ್ದರು.

ಅವಳ ಬೆನ್ನಿಗೆ ಬಿದ್ದ ತಮ್ಮ ಹನ್ನೊಂದನೇ ವಯಸ್ಸಿಗೆ ತೀರಿಕೊಂಡಿದ್ದ. ಸಿಕಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಂಡು, ಇವತ್ತು ಕಾಲಿನ ಮೂಳೆ, ನಾಳೆ ಎದೆಗೂಡು ಎಂದು ಮೈಯನ್ನೆಲ್ಲ ಹಿಂಡುವ ಕಾಯಿಲೆ. "ಮೂಳೆ ಒಳಗೆ ಯಾರೋ ತಿರುಪು ಬಿಗೀತಿದಾರೆ ಅಕ್ಕಾ," ಅನ್ನುತ್ತಿದ್ದ. ಅವಳು ಅವನ ಕಾಲು ಒತ್ತುತ್ತಾ ಕೂರುತ್ತಿದ್ದಳು. ಒತ್ತಿದರೆ ನೋವು ಹೆಚ್ಚೋ ಕಡಿಮೆಯೋ ಎಂದು ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಆ ಕೊರಗು ಅವಳಿಗೆ ಇಂದಿಗೂ ಇತ್ತು.

ಈ ಕಾಯಿಲೆಯ ಲೆಕ್ಕ ಅವಳಿಗೆ ಬಾಯಿಪಾಠ. ಹಿಮೋಗ್ಲೋಬಿನ್ ಮಾಡುವ ಜೀನು ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬರುತ್ತದೆ. ಒಂದು ಮಾತ್ರ ಕೆಟ್ಟಿದ್ದರೆ ಮೈಗೆ ಏನೂ ಆಗದು. ಎರಡೂ ಕೆಟ್ಟಿದ್ದರೆ ಕಾಯಿಲೆ. ಅವಳಲ್ಲಿ ಒಂದು ಕೆಟ್ಟಿತ್ತು. ಅದನ್ನು ಮದುವೆಗೆ ಮುಂಚೆಯೇ ಹುಡುಗನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಅವನು ಲಿಫ್ಟ್ ರಿಪೇರಿ ಮಾಡುವವನು, ಅವಳ ಅಂಗಡಿಯಿದ್ದ ಕಟ್ಟಡಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದ. ಹೇಳಿದ ಮೂರನೇ ದಿನಕ್ಕೆ ಯಾವುದೋ ಶಿಬಿರದಲ್ಲಿ ಬೆರಳು ಚುಚ್ಚಿಸಿಕೊಂಡು, 'ಸಿಕಲ್ ಇಲ್ಲ' ಎಂದು ಮುದ್ರೆ ಒತ್ತಿದ ಕಾರ್ಡು ಹಿಡಿದು ಬಂದಿದ್ದ. "ನನ್ನದು ಕ್ಲೀನ್ ಇದೆ. ಇನ್ನಾದ್ರೂ ಹೂಂ ಅಂತೀಯಾ?" ಅವಳು ನಕ್ಕು ಹೂಂ ಅಂದಿದ್ದಳು.

ಮಾರನೆಯ ದಿನ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಡಾಕ್ಟರಮ್ಮ ರಿಪೋರ್ಟನ್ನು ಅವರ ಕಡೆಗೆ ತಿರುಗಿಸಿಟ್ಟರು. ಅದರಲ್ಲಿ ಎರಡೇ ಅಕ್ಷರ: ಎಫ್, ಎಸ್.

"ಎಫ್ ಅಂದ್ರೆ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್. ಎಲ್ಲ ಕೂಸುಗಳಲ್ಲೂ ಇರತ್ತೆ, ಅದರಿಂದ ತೊಂದರೆ ಇಲ್ಲ. ದೊಡ್ಡವರದ್ದು ಎ. ಈ ಮಗುವಿನಲ್ಲಿ ಎ ಇಲ್ಲವೇ ಇಲ್ಲ. ಎ ಜಾಗದಲ್ಲಿ ಸಿಕಲ್‌ನ ಎಸ್ ಒಂದೇ ಕಾಣ್ತಿದೆ. ಈಗಲೇ ಏನೂ ಆಗಲ್ಲಮ್ಮ. ಆರು ತಿಂಗಳ ಮೇಲೆ ಕೂಸಿನ ಹಿಮೋಗ್ಲೋಬಿನ್ ಕಮ್ಮಿಯಾಗ್ತಾ ಬರತ್ತಲ್ಲ, ಆಗಿನಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು."

ಗಂಡ ಪರ್ಸಿನಿಂದ ಆ ಹಳೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. "ನನ್ನದು ಆಗ್ಲೇ ನೋಡಿದಾರೆ ಮೇಡಂ. ಇಲ್ಲ ಅಂತ ಬಂದಿದೆ."

ಡಾಕ್ಟರಮ್ಮ ಕಾರ್ಡು ನೋಡಿದರು, ಅವನನ್ನು ನೋಡಿದರು, ಅವಳನ್ನು ನೋಡಲಿಲ್ಲ. "ಇದು ಬರೀ ಎಸ್ ಇದೆಯೋ ಇಲ್ಲವೋ ಅಂತ ನೋಡೋ ಪರೀಕ್ಷೆ. ಬೇರೆ ಏನಿದ್ರೂ ಇದರಲ್ಲಿ ಗೊತ್ತಾಗಲ್ಲ. ಕೆಳಗೆ ಲ್ಯಾಬಿನಲ್ಲಿ ಇವತ್ತೇ ರಕ್ತ ಕೊಟ್ಟು ಹೋಗಿ, ಪೂರ್ತಿ ನೋಡೋಣ."

"ಇವತ್ತು ಕೆಲಸ ಇದೆ. ಇನ್ನೊಂದು ದಿನ ಬರ್ತೀನಿ," ಎಂದ ಅವನು. ಆ ಇನ್ನೊಂದು ದಿನ ಒಂಬತ್ತು ತಿಂಗಳು ಬರಲಿಲ್ಲ.

ಭಾನುವಾರ ಅತ್ತಿಗೆ ಬಂದಳು. ಗಂಡನ ಅಕ್ಕ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಾತಾಡುವಾಗ ಕೈಯಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಇದ್ದಂತೆ ಬೆರಳು ಹಿಡಿಯುವವಳು. ಸುದ್ದಿ ಕೇಳಿ ಮರುಗಿದಳು, ಮಗುವನ್ನು ಎತ್ತಿ ಮುದ್ದಾಡಿದಳು. ಆಮೇಲೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಚೌಕ ಬರೆದಳು. ಮೇಲೆ ಅಮ್ಮನ ಎರಡು ಜೀನು, ಪಕ್ಕದಲ್ಲಿ ಅಪ್ಪನ ಎರಡು.

"ನೋಡು, ಮಗೂಗೆ ಕಾಯಿಲೆ ಬರಬೇಕು ಅಂದ್ರೆ ಎರಡೂ ಕಡೆಯಿಂದ ಬರಬೇಕು. ಅಪ್ಪನಲ್ಲಿ ಇಲ್ಲ ಅಂದ್ಮೇಲೆ ಯಾವ ಚೌಕದಲ್ಲೂ..." ಎಂದವಳು ಅರ್ಧಕ್ಕೆ ನಿಲ್ಲಿಸಿದಳು. ಆ ಅರ್ಧದಲ್ಲೇ ಎಲ್ಲವೂ ಇತ್ತು. ಪಾಠ ಮುಂದುವರಿಸಿದ್ದರೂ ಅಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ.

ಗಂಡ ಎದ್ದು ಬಾಲ್ಕನಿಗೆ ಹೋದ. ಅವಳಿಗೆ ಕಾದ ಸೀಸ ಕಿವಿಗೆ ಹೊಯ್ದಂತಾಯಿತು. ಬಾಯಿ ತೆರೆದರೆ ಅಳು ಬರುತ್ತದೋ ಬೈಗುಳ ಬರುತ್ತದೋ ಗೊತ್ತಾಗದೆ ಮಗುವಿನ ಬಟ್ಟೆ ಮಡಚತೊಡಗಿದಳು. ಆಗ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ ನಿಂತುಕೊಂಡೇ ಕಾಗದ ವಿಂಗಡಿಸಿ ನಿವೃತ್ತರಾದ ಹೆಂಗಸು. ಮಗಳ ಕೈಯಿಂದ ಹಾಳೆ ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು.

"ವಿಳಾಸ ಸರಿಯಿದ್ದೂ ತಪ್ಪು ಮನೆಗೆ ಹೋದ ಕಾಗದ ನೋಡಿದ್ದೀನಿ. ವಿಳಾಸವೇ ಇಲ್ಲದೆ ಸರಿಯಾದ ಮನೆಗೆ ಸೇರಿದ್ದೂ ನೋಡಿದ್ದೀನಿ," ಎಂದರು. "ನನ್ನ ಮೊಮ್ಮಗಳು ನಿನ್ನ ಚೌಕದಲ್ಲಿ ಹಿಡಿಸಲಿಲ್ಲ ಅಂದ್ರೆ ನಿನ್ನ ಚೌಕ ಸಣ್ಣದು ಕಣೇ, ಅಷ್ಟೇ." ಹಾಳೆಯನ್ನು ನಾಲ್ಕು ಮಡಿಕೆ ಮಡಚಿ, ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿನ ಕೆಳಗೆ ತುರುಕಿದರು. "ಹಾಂ, ಈಗ ಉಪಯೋಗಕ್ಕೆ ಬಂತು."

ಆ ಹೊತ್ತಿಗೆ ಅವಳಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಆದರೆ ಅತ್ತೆಯ ನಂಬಿಕೆಯಿಂದ ಮನೆ ಹಗುರಾಗಲಿಲ್ಲ. ಗಂಡ ಕೆಟ್ಟವನಲ್ಲ. ಮಗುವಿಗೆ ಸ್ನಾನ ಮಾಡಿಸುತ್ತಿದ್ದ, ಹೆಗಲ ಮೇಲೆ ಹಾಕಿಕೊಂಡು ಮಲಗಿಸುತ್ತಿದ್ದ. ಗುಂಡಗೆ ಉರುಳಾಡುತ್ತಿದ್ದ ಮಗುವಿಗೆ 'ಬಟಾಣಿ' ಎಂದು ಅಡ್ಡಹೆಸರಿಟ್ಟವನೂ ಅವನೇ. ಆದರೆ ಬಟಾಣಿ ನಿದ್ದೆ ಹೋದಾಗ ಪಕ್ಕದಲ್ಲಿ ಕೂತು ಅದರ ಕಿವಿ, ಮೂಗು, ಹಣೆಯ ಅಂಚನ್ನು ಬಹಳ ಹೊತ್ತು ನೋಡುತ್ತಿದ್ದ. ಏನನ್ನು ಹುಡುಕುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ತಾನಾಗಿ ಉತ್ತರ ಕೊಡುವುದು ಅವಳಿಗೆ ಅವಮಾನ. ಹೀಗೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು, ಹಾಲಿನ ಪುಡಿ ತಂದಾಯಿತಾ, ಬಟ್ಟೆ ಒಣಗಿತಾ ಎಂಬ ಮಾತುಗಳಲ್ಲೇ ದಿನ ನೂಕಿದರು.

ಲ್ಯಾಬಿನಲ್ಲಿ ಟ್ಯೂಬು ಅದಲುಬದಲಾಗಿರಬಹುದು ಎಂಬ ಆಸೆಯೂ ಅವಳಿಗೆ ಸ್ವಲ್ಪ ದಿನ ಇತ್ತು. ಮೂರನೇ ತಿಂಗಳಲ್ಲಿ ಮತ್ತೊಮ್ಮೆ ರಕ್ತ ತೆಗೆದು ನೋಡಿದಾಗಲೂ ಎಫ್, ಎಸ್ ಎಂದೇ ಬಂತು. ಆ ಆಸೆಯೂ ಹೋಯಿತು. ಡಾಕ್ಟರಮ್ಮ ಪ್ರತಿ ಸಲವೂ, "ಯಜಮಾನರ ರಕ್ತ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಅವಳು, "ಹೇಳ್ತೀನಿ," ಎನ್ನುತ್ತಿದ್ದಳು. ಹೇಳಿದರೆ ತಾನೇ ಅನುಮಾನಕ್ಕೆ ಬಾಗಿಲು ತೆರೆದಂತೆ ಎಂದು ಹೇಳುತ್ತಿರಲಿಲ್ಲ.

ಆರು ತಿಂಗಳು ತುಂಬಿತು. ಅಲ್ಲಿಂದ ಅವಳ ನಿದ್ದೆ ಹಾರಿಹೋಯಿತು. ಬೆಳಿಗ್ಗೆ ಎದ್ದ ತಕ್ಷಣ ಮಗುವಿನ ಬೆರಳುಗಳನ್ನು ಒಂದೊಂದಾಗಿ ಒತ್ತಿ ಊತ ಇದೆಯೇ ನೋಡುವುದು, ಕಣ್ಣಿನ ಬಿಳಿ ಹಳದಿಯಾಗಿದೆಯೇ ನೋಡುವುದು, ದಿನಕ್ಕೆರಡು ಸಲ ಸೋಂಕು ತಡೆಯುವ ಔಷಧಿ ಹಾಕುವುದು, ಹಣೆ ಮುಟ್ಟುವುದು, ಮತ್ತೆ ಮುಟ್ಟುವುದು. ತಮ್ಮನಿಗೆ ಮೊದಲು ನೋವು ಬಂದದ್ದು ಎಂಟನೇ ತಿಂಗಳಲ್ಲಿ. ಬಟಾಣಿಗೆ ಎಂಟು ಕಳೆಯಿತು, ಒಂಬತ್ತು ತುಂಬಿತು. ಬೆರಳು ಊದಲಿಲ್ಲ. ಮಗು ದಪ್ಪಗಾಗಿ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಂಡು, ಮೇಜಿನ ಕೆಳಗೆ ತೆವಳಿ ತಲೆ ಕುಟ್ಟಿಕೊಂಡು, ಓಣಿಗೆಲ್ಲ ಕೇಳುವಂತೆ ಕಿರುಚಿ, ಮರುಕ್ಷಣ ನಗುತ್ತಿತ್ತು. ಅದು ನಕ್ಕಷ್ಟೂ ಅವಳಿಗೆ ಭಯ ಹೆಚ್ಚುತ್ತಿತ್ತು.

ಹತ್ತನೇ ತಿಂಗಳು ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಹಣೆ ಕೆಂಡವಾಗಿತ್ತು. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದ. ಅವಳು ಚಪ್ಪಲಿ ಅದಲುಬದಲು ಹಾಕಿಕೊಂಡೇ ಮಗುವನ್ನೆತ್ತಿಕೊಂಡು ಓಡಿದಳು, ಹಿಂದೆ ಅತ್ತೆ ಚೀಲ ಹಿಡಿದು, "ನಿಧಾನ, ಬೀಳ್ತೀಯ!" ಎನ್ನುತ್ತ.

ಡಾಕ್ಟರಮ್ಮ ಎದೆ ನೋಡಿದರು, ಹೊಟ್ಟೆ ಒತ್ತಿದರು, ಕೈಕಾಲು ಮಡಚಿ ಬಿಡಿಸಿದರು, ಕೊನೆಗೆ ಕಿವಿಯೊಳಗೆ ದೀಪ ಹಾಕಿ ನೋಡಿ, "ಕಿವಿ ಸೋಂಕು," ಎಂದರು. "ಈ ವಯಸ್ಸಲ್ಲಿ ಎಲ್ಲ ಮಕ್ಕಳಿಗೂ ಬರೋದೇ. ಆದ್ರೂ ರಕ್ತ ನೋಡೋಣ."

ಒಂದು ಗಂಟೆ ಕಳೆದಿತ್ತು. ಜ್ವರ ಇಳಿದು ಮಗು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿತ್ತು. ಆಗ ನೆಲಮಾಳಿಗೆಯ ಲ್ಯಾಬಿನಿಂದ ಒಬ್ಬ ಮುದುಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಆಸ್ಪತ್ರೆಯವರೆಲ್ಲ ಅವನನ್ನು 'ಗೆರೆ ಮೇಷ್ಟ್ರು' ಎನ್ನುತ್ತಿದ್ದರು. ರಕ್ತವನ್ನು ವಿದ್ಯುತ್ತಿನಲ್ಲಿ ಓಡಿಸಿದರೆ ಒಂದೊಂದು ಬಗೆಯ ಹಿಮೋಗ್ಲೋಬಿನ್ ಒಂದೊಂದು ಕಡೆ ಗೆರೆಯಾಗಿ ನಿಲ್ಲುತ್ತದೆ; ಆ ಗೆರೆಗಳನ್ನು ಓದುವುದರಲ್ಲೇ ಅವರ ಆಯಸ್ಸು ಕಳೆದಿತ್ತು. ಅವರು ಲ್ಯಾಬು ಬಿಟ್ಟು ಮೇಲೆ ಬಂದದ್ದನ್ನು ನೋಡಿ ನರ್ಸುಗಳೇ ಬೆರಗಾದರು.

"ಈ ಮಗೂನಾ?" ಎಂದರು ಅವರು. "ಕೈಬೆರಳು ಊದಿತ್ತಾ ಯಾವತ್ತಾದ್ರೂ?"

"ಇಲ್ಲ."

"ಹಳದಿ? ನೋವು? ಕಾರಣ ಇಲ್ಲದೆ ಅಳು?"

"ಕಾರಣ ಇದ್ದೇ ಅಳ್ತಾಳೆ. ಬಿಸ್ಕತ್ತು ಕೊಡದೆ ಇದ್ರೆ," ಎಂದರು ಅತ್ತೆ.

ಗೆರೆ ಮೇಷ್ಟ್ರು ಡಾಕ್ಟರಮ್ಮನ ಕಡೆ ತಿರುಗಿದರು. "ಹಿಮೋಗ್ಲೋಬಿನ್ ಹನ್ನೊಂದೂವರೆ ಇದೆ ಮೇಡಂ. ಸಿಕಲ್ ಮಗೂಗೆ ಇಷ್ಟು ಎಲ್ಲಿಂದ ಬರತ್ತೆ? ಸ್ಲೈಡಲ್ಲಿ ಬಾಗಿದ ಕಣ ಒಂದೂ ಸಿಗಲಿಲ್ಲ. ಎಫ್‌ಗೆ ಬಣ್ಣ ಹಾಕಿ ನೋಡಿದೆ. ಕಾಯಿಲೆ ಇದ್ರೆ ಕೆಲವು ಕಣಕ್ಕೆ ಹತ್ತತ್ತೆ, ಕೆಲವಕ್ಕೆ ಇಲ್ಲ. ಇಲ್ಲಿ ಒಂದೂ ಬಿಡದೆ ಎಲ್ಲಕ್ಕೂ ಹತ್ತಿದೆ. ಅಪ್ಪನ ರಕ್ತ ಬೇಕು ನನಗೆ. ಇವತ್ತೇ ಬೇಕು. ಎಲ್ಲಿ ಅಪ್ಪ?"

ಅವಳಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಆ ಮುದುಕನ ಮುಖದಲ್ಲಿ ಕೆಟ್ಟ ಸುದ್ದಿ ತಂದವನ ಕಳೆ ಇರಲಿಲ್ಲ. ಒಂಬತ್ತು ತಿಂಗಳಿಂದ ಒಳಗೇ ಕುದಿಯುತ್ತಿದ್ದದ್ದು ಅವಳಲ್ಲಿ ಒಮ್ಮೆಗೇ ಉಕ್ಕಿತು. "ನಾನೇ ಕರ್ಕೊಂಡು ಬರ್ತೀನಿ," ಎಂದು ಎದ್ದಳು.

ಗಂಡ ಕೆಲಸ ಮಾಡುತ್ತಿದ್ದ ಕಟ್ಟಡ ಎರಡು ಬೀದಿ ಆಚೆಗಿತ್ತು. ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು ಅಡ್ಡಗಂಬಿ ಇಟ್ಟಿದ್ದರು. ಒಳಗೆ ಅವನು ಲಿಫ್ಟಿನ ಚಾವಣಿಯ ಮೇಲೆ ನಿಂತು ಹಗ್ಗಕ್ಕೆ ಗ್ರೀಸು ಬಳಿಯುತ್ತಿದ್ದ. ತಲೆ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಅವಳನ್ನು ಕಂಡು ಅವನ ಕೈಯಿಂದ ಬ್ರಷ್ ಜಾರಿತು.

"ಬಟಾಣಿಗೆ ಏನಾಯ್ತು?"

"ಜ್ವರ ಬಂದಿತ್ತು, ಇಳೀತು. ಕಿವಿ ಸೋಂಕಂತೆ. ಮೇಲೆ ಬನ್ನಿ." ಅವನು ಕದಲದೆ ನಿಂತದ್ದನ್ನು ನೋಡಿ ಅವಳೇ ಅಡ್ಡಗಂಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಸರಿ, ಅಲ್ಲೇ ನಿಂತು ಕೇಳಿ. ಒಂಬತ್ತು ತಿಂಗಳಿಂದ ನನ್ನ ಹತ್ರ ಒಂದು ಮಾತು ಕೇಳಬೇಕು ಅಂತಿದ್ದೀರಿ. ಈಗ ಕೇಳಿ."

"ಏನು ಕೇಳೋದು? ಏನೂ ಇಲ್ಲ."

"ಇದೆ. ಮಗು ಮಲಗಿರುವಾಗ ಕಿವಿ ನೋಡ್ತಾ ಕೂರ್ತೀರಲ್ಲ, ಆ ಮಾತು."

ಅವನು ಕೈಯ ಗ್ರೀಸನ್ನು ಚಿಂದಿಯಲ್ಲಿ ಒರೆಸಿದ. ಒರೆಸಿದಷ್ಟೂ ಹರಡಿತು. "ಕೇಳಿದ್ರೆ ನೀನು ಎದ್ದು ಹೋಗಿಬಿಡ್ತೀಯ ಅಂತ ಹೆದರಿಕೆ," ಎಂದ ಕೊನೆಗೆ, ತಲೆ ಎತ್ತದೆ. "ಪರೀಕ್ಷೆ ಮಾಡಿಸಿದ್ರೆ, ಬಟಾಣಿ ನನ್ನವಳಲ್ಲ ಅಂತ ಬಂದುಬಿಟ್ರೆ ಅಂತ ಹೆದರಿಕೆ. ಹಾಗೇ ಬಿಟ್ರೆ ಯಾರೂ ಹೋಗಬೇಕಾಗಿಲ್ಲ ಅಂತ..."

"ನೀವು ಬಿಟ್ಟು ನನಗೆ ಇನ್ನೊಬ್ರು ಗೊತ್ತಿಲ್ಲ. ಇದನ್ನ ಒಂದೇ ಸಲ ಹೇಳೋದು, ಇನ್ನೊಂದು ಸಲ ಹೇಳಿಸ್ಬೇಡಿ," ಎಂದಳು. "ಲ್ಯಾಬಿನ ಮೇಷ್ಟ್ರು ಕಾಯ್ತಿದಾರೆ. ಬಂದು ರಕ್ತ ಕೊಡಿ."

ಅವನು ಮೇಲೆ ಹತ್ತಿ ಬಂದ. ರಸ್ತೆ ದಾಟುವಾಗ ಅವನು ಅವಳ ಮೊಣಕೈ ಹಿಡಿದ. ಅವಳ ತೋಳಿಗೆ ಐದು ಬೆರಳಿನ ಗ್ರೀಸು ಅಂಟಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಎರಡು ಗಂಟೆ ಕಾದರು. ಆಮೇಲೆ ಗೆರೆ ಮೇಷ್ಟ್ರು ಎಲ್ಲರನ್ನೂ ನೆಲಮಾಳಿಗೆಗೇ ಕರೆಸಿದರು. ಡಾಕ್ಟರಮ್ಮನೂ ಬಂದರು, ಮಗುವನ್ನೆತ್ತಿಕೊಂಡು ಅತ್ತೆಯೂ ಬಂದರು. ದೀಪದ ಮೇಜಿನ ಮೇಲೆ ಅಂಗೈಯಗಲದ ಒಂದು ಹಾಳೆ, ಅದರಲ್ಲಿ ಸಾಲಾಗಿ ಕೆಂಪು ಗೆರೆಗಳು.

"ಇದು ಅಮ್ಮಂದು. ಎ ಒಂದು ಗೆರೆ, ಎಸ್ ಒಂದು ಗೆರೆ. ಗೊತ್ತಿದ್ದದ್ದೇ," ಎಂದರು ಮೇಷ್ಟ್ರು. "ಇದು ಅಪ್ಪಂದು. ಎ ಇದೆ. ಎಸ್ ಇಲ್ಲ, ಆ ಕಾರ್ಡು ಸುಳ್ಳು ಹೇಳಿಲ್ಲ. ಆದ್ರೆ ಇಲ್ಲಿ ನೋಡಿ, ಎ ಪಕ್ಕದಲ್ಲಿ." ಅವರ ಉಗುರು ಒಂದು ದಪ್ಪ ಗೆರೆಯ ಕೆಳಗೆ ನಿಂತಿತು. "ಇದು ಎಫ್. ಎಳೆಗೂಸಿನ ಗೆರೆ. ದೊಡ್ಡವರಲ್ಲಿ ಇದು ಕಣ್ಣಿಗೆ ಕಾಣೋಷ್ಟೂ ಇರಬಾರದು. ಇವರಲ್ಲಿ ನೂರಕ್ಕೆ ಇಪ್ಪತ್ತಾರು ಇದೆ! ಮೂವತ್ತಾರು ವರ್ಷದ ಗಂಡಸು!"

ಗಂಡ ಆ ಗೆರೆಯ ಮೇಲೆ ಬಾಗಿದ. "ನನಗೇನಾದ್ರೂ ಕಾಯಿಲೆನಾ?"

"ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದೀರಿ," ಎಂದು ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. "ಹೇಳ್ತೀನಿ ಕೇಳಿ. ನಮ್ಮ ಮೈಯ ಕೋಶಗಳಲ್ಲಿ ಡಿಎನ್‌ಎ ಅನ್ನೋ ಉದ್ದನೆಯ ಎಳೆ ಇದೆ. ಯಾವ ಪ್ರೋಟೀನನ್ನ ಹೇಗೆ ಕಟ್ಟಬೇಕು ಅನ್ನೋದೆಲ್ಲ ಅದರಲ್ಲಿ ಬರೆದಿದೆ. ಒಂದು ಪ್ರೋಟೀನಿಗೆ ಬೇಕಾದ ಬರಹ ಒಂದು ಜೀನು. ಕೋಶ ಆ ಬರಹದ್ದೊಂದು ನಕಲು ತೆಗೆದು, ಅದನ್ನ ಓದಿಕೊಂಡು ಪ್ರೋಟೀನು ಕಟ್ಟತ್ತೆ. ಹಿಮೋಗ್ಲೋಬಿನ್ ಕೂಡ ಹಾಗೇ ಕಟ್ಟಿದ ಪ್ರೋಟೀನು. ಆದ್ರೆ ಎಲ್ಲ ಜೀನೂ ಎಲ್ಲ ಕಾಲದಲ್ಲೂ ಕೆಲಸ ಮಾಡಲ್ಲ. ಹೊಟ್ಟೆಯಲ್ಲಿದ್ದಾಗ ಹಿಮೋಗ್ಲೋಬಿನ್‌ಗೆ ಒಂದು ಜೀನು, ಹುಟ್ಟಿದ ಮೇಲೆ ಇನ್ನೊಂದು. ಎರಡನೇದು ಶುರುವಾದ ಹಾಗೆ ಮೊದಲನೇದನ್ನ ಮೈಯೇ ನಿಲ್ಲಿಸಿಬಿಡತ್ತೆ."

"ಸ್ವಿಚ್ಚು ಆಫ್ ಮಾಡಿದ ಹಾಗೆ," ಎಂದ ಲಿಫ್ಟಿನವನು.

"ಹೂಂ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ನಿಮ್ಮ ಎರಡು ಎಳೆಗಳಲ್ಲಿ ಒಂದರಲ್ಲಿ ಅದು ಆಫ್ ಆಗಿಲ್ಲ. ಬಹುಶಃ ಆ ಜಾಗದಲ್ಲಿ ಒಂದು ತುಂಡೇ ಬಿಟ್ಟುಹೋಗಿದೆ. ದೊಡ್ಡವರ ಜೀನು ಇರಬೇಕಾದ ಕಡೆ ಖಾಲಿ. ಕೂಸಿನ ಜೀನು ಮಾತ್ರ ನಿಲ್ಲದೆ ಕೆಲಸ ಮಾಡ್ತಾನೇ ಇದೆ. ಮಗೂಗೆ ಅಮ್ಮನಿಂದ ಎಸ್ ಬಂತು, ನಿಮ್ಮಿಂದ ಈ ಎಳೆ ಬಂತು. ಅದಕ್ಕೇ ರಿಪೋರ್ಟಲ್ಲಿ ಎ ಕಾಣಲಿಲ್ಲ. ಹುಟ್ಟಿದ ಕೂಸಲ್ಲಿ ನೋಡಿದ್ರೆ ಇದಕ್ಕೂ ಸಿಕಲ್ ಕಾಯಿಲೆಗೂ ವ್ಯತ್ಯಾಸವೇ ಗೊತ್ತಾಗಲ್ಲ. ಅಪ್ಪನ ರಕ್ತ ನೋಡಿದ್ರೆ ಮಾತ್ರ ಗೊತ್ತಾಗೋದು."

ಅಪ್ಪ ತಲೆ ತಗ್ಗಿಸಿದ.

"ಎಸ್ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಡ್ಡಿ ಕಡ್ಡಿಯಾದಾಗಲೇ ಕಣ ಬಾಗೋದು. ಮಧ್ಯೆ ಮಧ್ಯೆ ಕೂಸಿನ ಹಿಮೋಗ್ಲೋಬಿನ್ ಸೇರಿಕೊಂಡಿದ್ರೆ ಅಂಟೋಕೆ ಆಗಲ್ಲ. ಇವಳಲ್ಲಿ ಅದು ಒಂದೊಂದು ಕಣದಲ್ಲೂ ಇದೆ, ಮುಂದೆಯೂ ಇರತ್ತೆ."

"ಅಂದ್ರೆ..." ಎಂದಳು ಅವಳು. "ಅಂದ್ರೆ ಕಾಯಿಲೆ..."

"ಇಲ್ಲಮ್ಮ. ಈ ಮಗೂಗೆ ಸಿಕಲ್ ಕಾಯಿಲೆ ಇಲ್ಲ. ದೊಡ್ಡ ಲ್ಯಾಬಿಗೆ ಡಿಎನ್‌ಎ ಕಳಿಸೋಣ, ಮೂರು ವಾರದಲ್ಲಿ ಖಾತ್ರಿಯಾಗತ್ತೆ. ಅಲ್ಲೀವರೆಗೆ ಔಷಧಿ ನಿಲ್ಲಿಸೋದು ಬೇಡ. ಆದ್ರೆ ಈ ಗೆರೆ ನೋಡಿದ ಮೇಲೆ ನನಗೆ ಅನುಮಾನ ಇಲ್ಲ."

ಹೋದ ಜೀವ ಬಂದಂತಾಗುವುದು ಎಂದು ಜನ ಹೇಳುತ್ತಾರೆ. ಅವಳಿಗೆ ಹಾಗೇನೂ ಆಗಲಿಲ್ಲ. ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕೂತಳು, ಅಷ್ಟೇ. ನಗು ಬಂತು. ಯಾಕೆಂದು ಗೊತ್ತಿಲ್ಲದೆ ನಕ್ಕಳು. ಗಂಡ ಪಕ್ಕದಲ್ಲಿ ಮಂಡಿಯೂರಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಮೂಗಿಗೂ ಗ್ರೀಸು ಹತ್ತಿತ್ತು. ನಿದ್ದೆಯಿಂದೆದ್ದ ಬಟಾಣಿ ಅಪ್ಪನ ಅಳು ನೋಡಿ ಗಾಬರಿಯಾಗಿ ತಾನೂ ಬಾಯಿ ತೆರೆಯಿತು.

"ಲೋ, ಸಾಕು ಮಾಡೋ. ಮಗು ಹೆದರತ್ತೆ," ಎಂದು ಅತ್ತೆ ಮಗನ ತಲೆಗೊಂದು ಮೊಟಕಿ, ರವಿಕೆಯ ತೋಳು ಸರಿಸಿ ಕೈಯನ್ನು ಮೇಷ್ಟ್ರ ಮುಂದೆ ಚಾಚಿದರು. "ಇವನಿಗೆ ಇದು ಆಕಾಶದಿಂದ ಬಿದ್ದಿರಲ್ಲ. ನನ್ನದೂ ನೋಡಿ."

ನೋಡಿದರು. ಸಂಜೆಯ ಹೊತ್ತಿಗೆ ಅತ್ತೆಯ ಸಾಲಿನಲ್ಲೂ ಅದೇ ಗೆರೆ ಮೂಡಿತು, ನೂರಕ್ಕೆ ಇಪ್ಪತ್ತೆಂಟು. ಅರವತ್ತಾರು ವರ್ಷ ಅದನ್ನು ಮೈಯಲ್ಲಿ ಹೊತ್ತುಕೊಂಡು ಓಡಾಡಿದ್ದರೂ ಒಂದು ದಿನವೂ ಗೊತ್ತಾಗಿರಲಿಲ್ಲ. "ನೋಡಿದ್ಯಾ," ಎಂದರು ಸೊಸೆಗೆ, ಹೆಮ್ಮೆಯಿಂದ ಸೆಟೆದು. "ಮುದುಕಿ ಮುದುಕಿ ಅಂತೀರಲ್ಲ, ನನ್ನಲ್ಲಿ ಇನ್ನೂ ಎಳೆಗೂಸಿನ ರಕ್ತ ಹರೀತಿದೆ!"

ಹೊರಡುವ ಮುನ್ನ ಅವಳು ಗೆರೆ ಮೇಷ್ಟ್ರನ್ನು ಕೇಳಿದಳು: "ಸ್ಲೈಡು ನಾನೂ ನೋಡಬಹುದಾ?"

ಮೇಷ್ಟ್ರು ಸೂಕ್ಷ್ಮದರ್ಶಕದ ಮುಂದಿನಿಂದ ಸರಿದು ಜಾಗ ಕೊಟ್ಟರು. ತೋರಿಸಿಕೊಡಬೇಕಾಗಲಿಲ್ಲ, ಗಾಜಿನ ಜೊತೆ ದಿನವಿಡೀ ಇರುವ ಕೈ, ತಿರುಪು ಮುಟ್ಟಿದ ಕೂಡಲೇ ಮಸುಕು ಸರಿಯಿತು. ಮಗಳ ರಕ್ತ ಕಂಡಿತು. ದುಂಡಗೆ, ನಡುವೆ ಸ್ವಲ್ಪ ತಿಳಿಯಾಗಿ, ಒತ್ತೊತ್ತಾಗಿ, ಎಲ್ಲಿ ಸರಿಸಿ ನೋಡಿದರೂ ದುಂಡಗೆ. ತಮ್ಮನ ರಕ್ತವನ್ನು ಅವಳು ಹೀಗೆ ಯಾವತ್ತೂ ನೋಡಿರಲಿಲ್ಲ. ಅವನಿಗೂ ಯಾವುದಾದರೂ ಅಜ್ಜಿಯಿಂದ ಇಂಥದೊಂದು ಬಂದಿದ್ದರೆ ಈಗ ಅವನಿಗೆ ಇಪ್ಪತ್ತೇಳು ವರ್ಷ. ಮಗುವಿಗಾಗಿ ಬಾರದ ಕಣ್ಣೀರು ಆಗ ಬಂತು. ಮೇಷ್ಟ್ರು ಬೇರೆ ಕಡೆ ತಿರುಗಿ ಟ್ಯೂಬುಗಳನ್ನು ಜೋಡಿಸತೊಡಗಿದರು, ಜೋಡಿಸಿಯೇ ಇದ್ದವನ್ನು.

ಮೂರು ವಾರದ ಮೇಲೆ ದೊಡ್ಡ ಲ್ಯಾಬಿನ ಕಾಗದ ಬಂತು. ಅಪ್ಪ, ಅಜ್ಜಿ, ಮಗು, ಮೂವರಲ್ಲೂ ಒಂದೇ ಜಾಗದಲ್ಲಿ ಡಿಎನ್‌ಎಯ ಎಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರ ಇರಲಿಲ್ಲ. ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗಿಯುವ ಒಂದೇ ಖಾಲಿ ಜಾಗ. ಔಷಧಿ ನಿಂತಿತು. ದೊಡ್ಡವಳಾಗಿ ಮದುವೆಯಾಗುವಾಗ ಹುಡುಗನ ರಕ್ತವನ್ನು ಪೂರ್ತಿ ಪರೀಕ್ಷೆ ಮಾಡಿಸಬೇಕು, ಅದೊಂದು ಮರೆಯಬೇಡಿ ಎಂದರು ಡಾಕ್ಟರಮ್ಮ. "ಇನ್ನೊಂದು ಮಗು ಬೇಕು ಅಂದ್ರೆ ಹೆದರಬೇಡಿ. ನಿಮ್ಮಿಬ್ಬರ ಜೀನು ಹೇಗೆ ಸೇರಿದ್ರೂ ಕಾಯಿಲೆ ಬರಲ್ಲ."

"ಮೊದಲು ಇದೊಂದು ಬಟಾಣಿ ಸಂಭಾಳಿಸ್ತೀವಿ ಮೇಡಂ," ಎಂದ ಗಂಡ.

ಆ ಭಾನುವಾರ ಅತ್ತಿಗೆ ಬಂದು ಬಾಗಿಲಲ್ಲೇ ನಿಂತಳು. ತಾನೂ ರಕ್ತ ಕೊಟ್ಟು ಬಂದಿದ್ದಳು. ಅವಳಲ್ಲಿ ಆ ಗೆರೆ ಇರಲಿಲ್ಲ. "ನನಗೆ ಬಂದಿಲ್ಲ," ಎಂದಳು, ಪರೀಕ್ಷೆಯಲ್ಲಿ ನಪಾಸಾದವಳ ಮುಖ ಮಾಡಿ.

"ನಿನಗೆಲ್ಲಿ ಬರತ್ತೆ? ನೀನು ಪೂರ್ತಿ ನಿಮ್ಮ ಅಪ್ಪನ ಕಡೆ," ಎಂದರು ಅತ್ತೆ.

ಅತ್ತಿಗೆ ತಮ್ಮನ ಹೆಂಡತಿಯ ಕೈ ಹಿಡಿದುಕೊಂಡಳು. "ಜೀನು ಇದೆಯಾ ಇಲ್ಲವಾ ಅಂತಷ್ಟೇ ಹದಿನಾಲ್ಕು ವರ್ಷದಿಂದ ಪಾಠ ಮಾಡಿದ್ದೀನಿ. ಇದ್ದದ್ದು ಯಾವಾಗ ಕೆಲಸ ಮಾಡತ್ತೆ, ಯಾವಾಗ ನಿಲ್ಲತ್ತೆ ಅನ್ನೋದನ್ನ ಯೋಚನೆ ಮಾಡಿರಲಿಲ್ಲ. ಅರ್ಧ ತಿಳ್ಕೊಂಡು ನಿನ್ನ ಮೇಲೆ ಎಂಥ ಮಾತು ತಂದೆ! ನನ್ನದು ತಪ್ಪಾಯ್ತು ಕಣೇ."

"ಹೂಂ, ತಪ್ಪಾಯ್ತು," ಎಂದಳು ಅವಳು. ಪರವಾಗಿಲ್ಲ ಬಿಡಿ ಎಂದು ಹೇಳಲು ಬಾಯಿ ಬರಲಿಲ್ಲ. ಆದರೆ ಕೈಯನ್ನೂ ಹಿಂದಕ್ಕೆಳೆದುಕೊಳ್ಳಲಿಲ್ಲ. "ಒಳಗೆ ಬನ್ನಿ, ಕಾಫಿ ಮಾಡ್ತೀನಿ."

ಗಂಡನ ಜೊತೆಗಿನ ಲೆಕ್ಕ ಅಷ್ಟು ಬೇಗ ಮುಗಿಯಲಿಲ್ಲ. ಅವನು ದಿನಕ್ಕೊಂದು ಸಲ ಕ್ಷಮೆ ಕೇಳುತ್ತಿದ್ದ. ನಾಲ್ಕನೇ ದಿನ ಅವಳಿಗೆ ರೇಗಿತು. "ಕ್ಷಮೆ ಬೇಡ ರೀ. ಮುಂದೆ ಏನೇ ಅನ್ನಿಸಿದ್ರೂ ಆ ದಿನವೇ ಬಾಯಿಬಿಟ್ಟು ಕೇಳಿ. ಬೈತೀನಿ, ಜಗಳ ಆಡ್ತೀನಿ. ಆದ್ರೆ ಒಂಬತ್ತು ತಿಂಗಳು ನನ್ನೊಬ್ಬಳನ್ನೇ ಕಾಯೋಕೆ ಬಿಡಬೇಡಿ." ಅವನು ಆಯ್ತು ಎಂದ. ತಾನೂ ಬಾಯಿ ಬಿಟ್ಟಿರಲಿಲ್ಲ ಎಂಬುದು ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅದನ್ನೂ ಅವನಿಗೆ ಹೇಳಿದಳು. ಅಂದು ಇಬ್ಬರೂ ಊಟದ ಮೇಜಿನಿಂದ ಏಳದೆ ಎರಡು ಗಂಟೆ ಮಾತಾಡಿದರು.

ಮಾರನೆಯ ದಿನ ಅಂಗಡಿಗೆ ರಜೆಯಿತ್ತು; ಮಧ್ಯಾಹ್ನ ಮಗುವಿಗೆ ಹಾಲು ಕೊಟ್ಟು, ಐದು ನಿಮಿಷ ಎಂದು ಅವಳು ಹಾಸಿಗೆಗೆ ಒರಗಿದಳು. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಬಿಸಿಲು. ಯಾರೋ ಅವಳಿಗೆ ಹೊದಿಕೆ ಹೊದಿಸಿದ್ದರು, ಫೋನನ್ನು ಆಚೆ ಒಯ್ದಿದ್ದರು. ಪಕ್ಕದ ಕೋಣೆಯಲ್ಲಿ ಗಂಡನೂ ಅತ್ತೆಯೂ ಪಿಸುಮಾತಿನಲ್ಲೇ ಜೋರಾಗಿ ಜಗಳವಾಡುತ್ತಿದ್ದರು: ಅಂಗಡಿಗೆ ಹೊತ್ತಾಯಿತು, ಎಬ್ಬಿಸಬೇಕು ಎಂದು ಅವನು; ಅಂಗಡಿಗೆ ಫೋನು ಮಾಡಿ ಇವತ್ತು ಬರಲ್ಲ ಅಂತ ಹೇಳು ಎಂದು ಅವರು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಬಟಾಣಿ ತೆವಳುತ್ತ ಬಂದು, ಹಾಸಿಗೆಯ ಅಂಚು ಹಿಡಿದು ಎದ್ದು ನಿಂತು, ಅಮ್ಮನ ಜಡೆಗೆ ಕೈ ಹಾಕಿ ಜಗ್ಗಿತು.

ಅವಳು ಒಂದು ಕಣ್ಣು ತೆರೆದು ನೋಡಿದಳು. ಬೆರಳು ಒತ್ತಿ ನೋಡಲಿಲ್ಲ, ಹಣೆ ಮುಟ್ಟಲಿಲ್ಲ. ಮಗುವನ್ನು ಹೊದಿಕೆಯೊಳಗೆ ಎಳೆದುಕೊಂಡು, ಮತ್ತೆ ಕಣ್ಣು ಮುಚ್ಚಿದಳು.